ಓದಿದ ಹುಡುಗಿ, ಏಳೂವರೆಯ ಬಸ್ಸು

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಹೆಚ್ಚಿನವು ಓದಿನ ಬಗ್ಗೆ, ಅದರಲ್ಲೂ ಹುಡುಗಿಯರ ಓದು ಮತ್ತು ಅದರ ನಂತರ ಮುಂದೇನು ಎಂಬ ಚಿಂತೆ. ಕಾಲೇಜು ಶುರುವಾಗುವ ಸಮಯ, ಮಳೆಯೂ ಹಿಡಿದಿದೆ, ಮನೆಮನೆಯಲ್ಲಿ ಇದೇ ಮಾತು ನಡೆಯುತ್ತಿರಬೇಕು. ಮಂಗಳೂರಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳಿಗೆ ಇಂಥ ಪತ್ರ ಬಂದರೆ ಸುಮ್ನೆ ಇರಲಿಕ್ಕೆ ಆಗುವುದಿಲ್ಲ. ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಡುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆ ಹೆಬ್ರಿಯಿಂದ ಒಳಗೆ. ಮಗಳಿಗೆ ಪಿಯುಸಿಯಲ್ಲಿ ಒಳ್ಳೆ ಮಾರ್ಕು ಬಂದು ಉಡುಪಿಯಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ. ಇವರು ಬೇಡ ಅಂತಾರೆ. ಲ್ಯಾಬ್ ಮುಗಿಸಿ ಹೊರಟರೆ ಊರು ಮುಟ್ಟುವಾಗ ಏಳೂವರೆ, ಬಸ್ಸಿಳಿದು ಒಂದೂವರೆ ಕಿಲೋಮೀಟರ್ ಕಾಡುದಾರಿ. ಹತ್ತಿರದಲ್ಲೇ ಬಿಎ ಮಾಡಲಿ, ಡಿಗ್ರಿ ಡಿಗ್ರಿಯೇ ಅಲ್ವಾ ಅಂತ ಅವರ ವಾದ. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ನಾನು ಯಾರ ಪರ ನಿಲ್ಲಲಿ?
ಒಬ್ಬ ತಾಯಿ, ಹೆಬ್ರಿ

ಉತ್ತರ: ಅಮ್ಮಾ, ನಿಮ್ಮ ಯಜಮಾನರು ಮಗಳ ಓದಿಗೆ ವಿರೋಧಿ ಅಲ್ಲ. ಅವರಿಗಿರುವುದು ಆ ಒಂದೂವರೆ ಕಿಲೋಮೀಟರಿನ ಹೆದರಿಕೆ. ಹಾಗಾಗಿ ಗಂಡನ ಪರವೋ ಮಗಳ ಪರವೋ ಎಂದು ಕೊರಗಬೇಡಿ. ಮೂವರೂ ಕೂತು ದಾರಿಯ ಬಗ್ಗೆ ಮಾತಾಡಿ.

ಇದು ನಿಮ್ಮೊಬ್ಬರ ಮನೆಯ ಕತೆ ಅಲ್ಲ. ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಾಲೇಜು ಹೇಗೆ ಆರಿಸಿಕೊಳ್ಳುತ್ತಾರೆ ಎಂದು ನೋಡಿದರು. ಯಾರ ಮನೆ ಎಲ್ಲಿ, ಯಾವ ಕಾಲೇಜಿಗೆ ಯಾವ ದಾರಿ, ಆ ದಾರಿ ಎಷ್ಟು ಸುರಕ್ಷಿತ, ಎಲ್ಲವನ್ನೂ ಲೆಕ್ಕ ಹಾಕಿದರು. ಕಂಡದ್ದೇನು ಗೊತ್ತಾ? ದಾರಿ ಹೆಚ್ಚು ಸುರಕ್ಷಿತ ಅನಿಸಿದರೆ ಸಾಕು, ಮೇಲಿನ ಐದನೇ ಒಂದು ಭಾಗದಲ್ಲಿರುವ ಒಳ್ಳೆಯ ಕಾಲೇಜನ್ನು ಬಿಟ್ಟು ಕೆಳಗಿನ ಅರ್ಧದಲ್ಲಿರುವ ಕಾಲೇಜಿಗೆ ಸೇರಲಿಕ್ಕೂ ಹುಡುಗಿಯರು ತಯಾರಿದ್ದರು. ಹುಡುಗರು ದಾರಿಗಾಗಿ ಅಷ್ಟೊಂದು ಬಿಟ್ಟುಕೊಡುವುದಿಲ್ಲ. ಮಾರ್ಕು ಇದ್ದರೂ ಹುಡುಗಿಯರು ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಾರೆ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೇಗೂ ಕಾಲೇಜಿಗೆ ಹೋಗುತ್ತಿದ್ದಾಳಲ್ಲ ಎಂದು ನಾವೆಲ್ಲ ಸಮಾಧಾನ ಮಾಡಿಕೊಳ್ಳುತ್ತೇವೆ.

ನನ್ನ ಮನೆಯದೇ ಒಂದು ವಿಷಯ ಹೇಳುತ್ತೇನೆ. ನನ್ನ ಅಕ್ಕ ನನಗಿಂತ ಜಾಣೆ. ಏಳನೇ ಕ್ಲಾಸಿಗೆ ಅವಳ ಓದು ನಿಂತಿತು. ಹೈಸ್ಕೂಲು ಹೊಳೆಯ ಆಚೆ ಇತ್ತು, ಮಳೆಗಾಲದಲ್ಲಿ ಕಡವಿನ ದೋಣಿ ವಾರಗಟ್ಟಲೆ ನಿಲ್ಲುತ್ತಿತ್ತು. ಆರು ವರ್ಷದ ನಂತರ ನನ್ನ ಸರದಿ ಬಂದಾಗ ಅಲ್ಲಿ ಸೇತುವೆ ಆಗಿತ್ತು. ಅಪ್ಪ ಅದೇ ಅಪ್ಪ, ಮನೆಯ ಬಡತನವೂ ಅಷ್ಟೇ. ನಾನು ಎಂಎ ಮಾಡಿದೆ, ಅಕ್ಕ ಬೀಡಿ ಕಟ್ಟಿದಳು.

ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಬಂದ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡುವ ಯೋಜನೆ ಶುರುವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ನನಗೆ ಮುಖ್ಯ ಅನಿಸುವುದು ಇನ್ನೊಂದು ಅಂಶ. ಹೈಸ್ಕೂಲು 3 ಕಿಲೋಮೀಟರ್ ಅಥವಾ ಅದಕ್ಕಿಂತ ದೂರ ಇದ್ದ ಹಳ್ಳಿಗಳಲ್ಲೇ ಈ ಏರಿಕೆ ಜಾಸ್ತಿ. ಹೆತ್ತವರ ಮನಸ್ಸು ತಿದ್ದಲು ಯಾರೂ ಭಾಷಣ ಮಾಡಿರಲಿಲ್ಲ. ದಾರಿ ಹತ್ತಿರವಾಯಿತು, ಮನಸ್ಸು ಅದರ ಹಿಂದೆಯೇ ಬಂತು. ಒಬ್ಬಳೇ ನಡೆದು ಹೋಗುವುದು ಬೇರೆ, ಹತ್ತು ಹುಡುಗಿಯರು ಸೈಕಲ್ಲಿನಲ್ಲಿ ಸಾಲಾಗಿ ಹೋಗುವುದೇ ಬೇರೆ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಕಡೆಯಿಂದ ಉಡುಪಿಗೆ ಹೋಗುವ ಬೇರೆ ಹುಡುಗಿಯರು ಯಾರು ಯಾರು ಎಂದು ಮೊದಲು ಹುಡುಕಿ. ಇಬ್ಬರು ಮೂವರು ಸಿಕ್ಕಿದರೆ ಸಂಜೆ ಬಸ್‌ಸ್ಟಾಂಡಿನಿಂದ ಒಂದು ರಿಕ್ಷಾ ತಿಂಗಳ ಬಾಡಿಗೆಗೆ ಮಾತಾಡಿಕೊಳ್ಳಬಹುದು. ಲ್ಯಾಬ್ ಬ್ಯಾಚನ್ನು ಬೆಳಿಗ್ಗೆಗೆ ಹಾಕಿಕೊಡಿ ಎಂದು ಪ್ರಿನ್ಸಿಪಾಲರ ಹತ್ತಿರ ಕೇಳಿ. ಕೇಳಿದರೆ ಎಷ್ಟೋ ಕಡೆ ಕೊಡುತ್ತಾರೆ, ಯಾರೂ ಕೇಳುವುದಿಲ್ಲ ಅಷ್ಟೆ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಗಳ ಬಾಲಕಿಯರ ಹಾಸ್ಟೆಲುಗಳೂ ಇವೆ, ಅರ್ಜಿಯ ಕೊನೆಯ ದಿನ ದಾಟುವ ಮೊದಲು ಮಗಳನ್ನೇ ಕರೆದುಕೊಂಡು ಹೋಗಿ ವಿಚಾರಿಸಿ. ಇವು ಯಾವುವೂ ಆಗದಿದ್ದರೆ ಯಜಮಾನರು ವಾರದಲ್ಲಿ ಎರಡು ಲ್ಯಾಬಿನ ದಿನ ಬೈಕು ತಗೊಂಡು ಸ್ಟಾಪಿಗೆ ಬರಲಿ. ಮೂರು ವರ್ಷಕ್ಕೆ ಎಷ್ಟು ಸಂಜೆ ಆಗುತ್ತದೆ ಎಂದು ಅವರ ಎದುರೇ ಲೆಕ್ಕ ಹಾಕಿ. ಮಗಳ ಇಡೀ ಬದುಕಿನ ಎದುರು ಅದು ತುಂಬಾ ಸಣ್ಣದು.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಗಿ ರಾಜ್ಯದ ಹೆಂಗಸರಿಗೆಲ್ಲ ಸರ್ಕಾರಿ ಬಸ್ಸು ಉಚಿತವಾಯಿತು. ಆದರೆ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಒಳಊರುಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಲೇಬೇಕು. ಬೇರೆ ಜಿಲ್ಲೆಯ ಹುಡುಗಿಗೆ ಸಿಕ್ಕಿದ್ದು ಹೆಬ್ರಿಯ ಹುಡುಗಿಗೆ ಸಿಗಲಿಲ್ಲ ಎಂದರೆ ಅದು ಸಣ್ಣ ವಿಷಯ ಅಲ್ಲ. ಸಂಜೆ ಆರರ ನಂತರ ಒಂದು ಸರ್ಕಾರಿ ಬಸ್ಸು ಬೇಕು ಎಂದು ಊರಿನವರು ಸೇರಿ ಬರೆದುಕೊಡಿ.

ಪ್ರಶ್ನೆ: ನೀವು ಬಿಹಾರ, ಬಂಗಾಳ, ಆಫ್ರಿಕಾ ಅಂತ ಸಂಶೋಧನೆಗಳ ಬಗ್ಗೆ ಬರೀತಾ ಇರ್ತೀರಿ. ನಮ್ಮಲ್ಲಿ ಹುಡುಗಿಯರೇ ರ್‍ಯಾಂಕ್ ತೆಗೀತಾರೆ. ಅದೆಲ್ಲ ನಮಗೆ ಎಂತಕ್ಕೆ?
ಓದುಗ, ಮಣಿಪಾಲ

ಉತ್ತರ: ಒಳ್ಳೆಯ ಪ್ರಶ್ನೆ. ನಮ್ಮ ಕರಾವಳಿ ಓದಿನಲ್ಲಿ ಮುಂದೆ ಇದೆ ಎನ್ನುವುದು ನಿಜ. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಹುಡುಗಿಯರಿಗೆ ಶಾಲೆ ತೆರೆದದ್ದು 1894ರಲ್ಲಿ, ಕೆನರಾ ಬ್ಯಾಂಕ್ ಕಟ್ಟಿದ್ದು ಅದಾಗಿ ಹನ್ನೆರಡು ವರ್ಷಕ್ಕೆ, 1906ರಲ್ಲಿ. ಮೊದಲು ಹುಡುಗಿಯರ ಶಾಲೆ, ಆಮೇಲೆ ಬ್ಯಾಂಕು, ಇದು ನನಗೆ ಬಹಳ ಇಷ್ಟವಾದ ಸಂಗತಿ. ಸಂತ ಆಗ್ನೆಸ್ ಕಾಲೇಜು 1921ರಲ್ಲೇ ಬಂತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57.

ಆದರೆ ಸರಾಸರಿ ಲೆಕ್ಕದಲ್ಲಿ ಹೆಬ್ರಿಯ ಆ ಮಗಳು ಕಾಣುವುದಿಲ್ಲ. ಹೋಗಲಿ, ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಸಂಶೋಧನೆಯಿಂದ ನಾವು ಕಲಿಯಬೇಕಾದದ್ದು ಉತ್ತರಕ್ಕಿಂತ ಜಾಸ್ತಿ, ಪ್ರಶ್ನೆ ಕೇಳುವ ರೀತಿ.

ಮೇಲೆ ನನ್ನ ಅಕ್ಕನ ಕತೆ ಹೇಳಿದೆನಲ್ಲ. ಸೇತುವೆಯಿಂದಲೇ ನಾನು ಓದಿದೆ ಎಂದು ನಾನು ನಂಬಿದ್ದೇನೆ. ಆದರೆ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಮೇಡಂ, ಆ ಆರು ವರ್ಷದಲ್ಲಿ ಬೇರೆಯೂ ಬದಲಾಗಿರಬಹುದಲ್ಲ? ನೀವು ಮನೆಯ ಕಿರಿಯವರು, ಮನೆಕೆಲಸಕ್ಕೆ ಅಕ್ಕ ಇದ್ದರು." ನಾನು ಎರಡು ನಿಮಿಷ ಮಾತಾಡಲಿಲ್ಲ. ಅವಳು ಹೇಳಿದ್ದು ಸರಿ ಇತ್ತು. ಅಕ್ಕ ಮನೆಯಲ್ಲಿ ಉಳಿದದ್ದರಿಂದಲೂ ನಾನು ಹೋದೆ.

ಇದೇ ಕಾರಣಕ್ಕೆ ಬಿಹಾರದ ಸೈಕಲ್ ಯೋಜನೆಯನ್ನು ಅಧ್ಯಯನ ಮಾಡಿದವರು ಸುಮ್ನೆ ಮೊದಲು ಎಷ್ಟು ಆಮೇಲೆ ಎಷ್ಟು ಎಂದು ಎಣಿಸಲಿಲ್ಲ. ಹುಡುಗಿಯರನ್ನು ಹುಡುಗರ ಜೊತೆ ಹೋಲಿಸಿದರು, ಬಿಹಾರವನ್ನು ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿದರು, ಯಾಕೆಂದರೆ 2000ದವರೆಗೆ ಅವೆರಡೂ ಒಂದೇ ರಾಜ್ಯ. ಇನ್ನು ಕೆಲವರು ಚೀಟಿ ಎತ್ತಿದ ಹಾಗೆ ಅರ್ಧ ಊರುಗಳನ್ನು ಆರಿಸಿ ಅಲ್ಲಿ ಯೋಜನೆ ಮಾಡುತ್ತಾರೆ, ಉಳಿದ ಅರ್ಧವನ್ನು ಹಾಗೇ ಬಿಟ್ಟು ವ್ಯತ್ಯಾಸ ನೋಡುತ್ತಾರೆ. ಈ ದಾರಿಯಲ್ಲಿ ಕೆಲಸ ಮಾಡಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ಉಡುಪಿಯಲ್ಲಿ ಒಂದು ಯೋಜನೆ ಗೆದ್ದಿತೋ ಸೋತಿತೋ ಎಂದು ಯಾರಾದರೂ ಹೇಳಿದರೆ, ಅದು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ನಿಮಗೆ ಎಂತಕ್ಕೆ ಎಂದಿರಿ, ಇದಕ್ಕೇ.

ಪ್ರಶ್ನೆ: ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಮೇಲೆ ಯಾರೂ ಕೆಲಸಕ್ಕೆ ಬರುವುದಿಲ್ಲ ಅಂತ ನಮ್ಮ ತೋಟದವರೆಲ್ಲ ಹೇಳ್ತಾರೆ. ಪುಕ್ಕಟೆ ಕೊಟ್ಟರೆ ಜನ ಸೋಮಾರಿ ಆಗುವುದಿಲ್ವಾ?
ಕೃಷಿಕ, ಪುತ್ತೂರು

ಉತ್ತರ: ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ಹಣ ಕೊಡುವ ಯೋಜನೆಗಳ ಲೆಕ್ಕವನ್ನು ಒಟ್ಟಿಗೆ ನೋಡಿದ್ದಾರೆ. ಜನ ಕೆಲಸ ಬಿಡುತ್ತಾರೆ ಎನ್ನಲು ಆಧಾರ ಸಿಗಲಿಲ್ಲ. ನಮ್ಮ ಅಡಿಕೆ ತೋಟಕ್ಕೆ ಆಳು ಸಿಗದಿರುವುದು ಗೃಹಲಕ್ಷ್ಮಿ ಬರುವ ಎಷ್ಟೋ ಮೊದಲಿನ ಕಷ್ಟ, ನಿಮಗೇ ಗೊತ್ತು. ತಿಂಗಳಿಗೆ ಎರಡು ಸಾವಿರದಲ್ಲಿ ಯಾರೂ ಕಾಲು ಚಾಚಿ ಕೂರುವ ಹಾಗಿಲ್ಲ.

ಪ್ರಶ್ನೆ: ನಾನು ಬೀಡಿ ಕಟ್ಟಿ ಮಗಳನ್ನು ಬಿಕಾಂ ಮಾಡಿಸ್ತಾ ಇದ್ದೇನೆ. ಈಗಲೇ ಸಂಬಂಧ ಬರ್ತಾ ಉಂಟು. ಹುಡುಗನ ಕಡೆಯವರು ಓದು ಮುಗಿಸಲಿ, ಆದರೆ ಕೆಲಸಕ್ಕೆ ಹೋಗುವುದು ಬೇಡ ಅಂತಾರೆ. ಕೆಲಸಕ್ಕೆ ಹೋಗದಿದ್ದರೆ ನಾನು ಇಷ್ಟು ಕಷ್ಟಪಟ್ಟು ಓದಿಸಿದ್ದು ಎಂತಕ್ಕೆ ಅಂತ ರಾತ್ರಿ ನಿದ್ದೆ ಬರುವುದಿಲ್ಲ.
ಒಬ್ಬ ತಾಯಿ, ಬಂಟ್ವಾಳ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದ ಕೈಗಳು ಈ ಜಿಲ್ಲೆಯಲ್ಲಿ ಎಷ್ಟು ಮಕ್ಕಳನ್ನು ಡಿಗ್ರಿ ಮುಟ್ಟಿಸಿವೆ ಎನ್ನುವುದನ್ನು ಯಾವ ಪುಸ್ತಕವೂ ಸರಿಯಾಗಿ ಬರೆದಿಲ್ಲ.

ನಿಮ್ಮ ಪ್ರಶ್ನೆ ಇಡೀ ದೇಶದ ಪ್ರಶ್ನೆ. 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಕಾಲೇಜು ಸೇರುವ ಪ್ರಮಾಣ ಹುಡುಗಿಯರಲ್ಲಿ ಶೇ. 28.5, ಹುಡುಗರಲ್ಲಿ 28.3. ಅಂದರೆ ಕಾಲೇಜಿನಲ್ಲಿ ಹುಡುಗಿಯರು ಒಂದು ಕೂದಲೆಳೆ ಮುಂದೆಯೇ ಇದ್ದಾರೆ. ಕೆಲಸಕ್ಕೆ ಬಂದರೆ, ಹದಿನೈದು ದಾಟಿದ ಹೆಂಗಸರಲ್ಲಿ ದುಡಿಯುವವರು ಅಥವಾ ಕೆಲಸ ಹುಡುಕುವವರು 2017-18ರಲ್ಲಿ ಶೇ. 23.3 ಇದ್ದರು, 2023-24ಕ್ಕೆ 41.7 ಆಗಿದ್ದಾರೆ. ಏರಿದೆ ಎಂದು ಖುಷಿ ಪಡುವ ಮೊದಲು ನೋಡಿ, ಈ ಏರಿಕೆಯ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆಯದ್ದು, ಅದರಲ್ಲಿ ಮನೆಯ ಹೊಲ ಅಂಗಡಿಗಳಲ್ಲಿ ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ. ತಿಂಗಳ ಸಂಬಳ ಎಣಿಸುವ ಹೆಂಗಸರು ಇನ್ನೂ ಕಡಿಮೆ.

ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಪ್ರಯೋಗ ಉಂಟು. ರಾಬರ್ಟ್ ಜೆನ್ಸನ್ ಎಂಬವರು ಉತ್ತರ ಭಾರತದ 160 ಹಳ್ಳಿಗಳನ್ನು ತಗೊಂಡರು. ಅರ್ಧ ಹಳ್ಳಿಗಳಿಗೆ ಮೂರು ವರ್ಷ ಕೆಲಸ ಕೊಡಿಸುವವರನ್ನು ಕಳಿಸಿದರು. ಅವರು ಹಳ್ಳಿಗೆ ಹೋಗಿ ಕಾಲ್ ಸೆಂಟರ್, ಕಂಪ್ಯೂಟರ್ ಕೆಲಸಗಳು ಎಂಥವು, ಹುಡುಗಿಯರು ಹೇಗೆ ಸೇರಬಹುದು ಎಂದು ತಿಳಿಸಿ ನೆರವಾದರು. ಹಣ ಹಂಚಲಿಲ್ಲ. ಮೂರು ವರ್ಷದಲ್ಲಿ ಆ ಹಳ್ಳಿಗಳ 15ರಿಂದ 21 ವಯಸ್ಸಿನ ಹುಡುಗಿಯರಲ್ಲಿ ಮದುವೆಯಾಗುವವರು ನೂರಕ್ಕೆ ಐದಾರು ಮಂದಿ ಕಡಿಮೆಯಾದರು, ಕೆಲಸಕ್ಕೆ ಹೋಗುವವರು ಹೆಚ್ಚಾದರು. ಇನ್ನೂ ಸಣ್ಣ ಹುಡುಗಿಯರು ಶಾಲೆಯಲ್ಲಿ ಉಳಿದರು, ಅವರ ಮೈತೂಕವೂ ಸುಧಾರಿಸಿತು. ಯೋಚಿಸಿ, ಮಗಳು ಮುಂದೆ ದುಡಿಯಬಹುದು ಎಂದು ಗೊತ್ತಾದ ಕೂಡಲೇ ಅವಳ ತಟ್ಟೆಗೆ ಬೀಳುವ ಊಟವೂ ಬದಲಾಯಿತು. ಇದನ್ನು ಓದಿ ನನಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಹಾಗಾದರೆ ನೀವೇನು ಮಾಡಬಹುದು? ಸಂಬಂಧವನ್ನು ಈಗಲೇ ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಡಿಗ್ರಿ ಮುಗಿದು ಒಂದು ವರ್ಷ ಕೆಲಸ ಮಾಡಿದ ಮೇಲೆ ಮದುವೆ ಮಾತು ಎಂದು ಹೇಳಿ. ಕಾಯುವವರು ಕಾಯುತ್ತಾರೆ. ಮಗಳ ಸಂಬಳ ಅವಳ ಹೆಸರಿನ ಖಾತೆಗೇ ಬರಲಿ, ಇದನ್ನು ಸಣ್ಣ ಮಾತು ಎಂದು ತಿಳಿಯಬೇಡಿ. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತ್ರಿಯ ಕೂಲಿಯನ್ನು ಹೆಂಗಸರ ಸ್ವಂತ ಖಾತೆಗೆ ಹಾಕಿ, ಖಾತೆ ನಡೆಸುವುದನ್ನೂ ಕಲಿಸಿದಾಗ ಅವರು ಜಾಸ್ತಿ ಕೆಲಸಕ್ಕೆ ಹೋದರು, ಖಾತ್ರಿಯ ಕೆಲಸಕ್ಕೆ ಮಾತ್ರ ಅಲ್ಲ, ಹೊರಗಿನ ಕೆಲಸಕ್ಕೂ. ಇನ್ನೊಂದು, ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸ್ಕಾಲರ್‌ಶಿಪ್ ಉಂಟು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಿಮ್ಮ ಬೀಡಿ ಕಾರ್ಡು ಹುಡುಕಿ ಇಟ್ಟುಕೊಳ್ಳಿ.

ಅಳಿಯಸಂತಾನ ನಡೆಸಿಕೊಂಡು ಬಂದ ನಾಡಿದು. ಆಸ್ತಿ ತಾಯಿಯ ಕಡೆಯಿಂದ ಬರುತ್ತಿದ್ದ ಮನೆಗಳಲ್ಲೂ ಈಗ ಸೊಸೆ ಕೆಲಸಕ್ಕೆ ಹೋಗಬಾರದು ಎಂಬ ಮಾತು ಕೇಳಿದರೆ ನನಗೆ ಬೇಸರವಾಗುತ್ತದೆ.

ಪ್ರಶ್ನೆ: ಅಕ್ಕ, ನನಗೆ 20 ವರ್ಷ. ಡಿಗ್ರಿ ಎರಡನೇ ವರ್ಷದಲ್ಲಿ ಬಿಟ್ಟು ಡೆಲಿವರಿ ಕೆಲಸ ಮಾಡ್ತಾ ಇದ್ದೇನೆ. ಓದಿದವರೆಲ್ಲ ಖಾಲಿ ಕೂತಿದ್ದಾರೆ, ನಾನಾದರೂ ದುಡೀತಾ ಇದ್ದೇನೆ. ಅಮ್ಮ ವಾಪಸ್ ಕಾಲೇಜಿಗೆ ಹೋಗು ಅಂತಾರೆ. ಓದಿ ಎಂತ ಸಿಗ್ತದೆ?
ಯುವಕ, ಉಳ್ಳಾಲ

ಉತ್ತರ: ತಮ್ಮಾ, ನೀನು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ವರದಿ ಪ್ರಕಾರ ನಮ್ಮ ದೇಶದ ಯುವ ಪದವೀಧರರಲ್ಲಿ ನಿರುದ್ಯೋಗ ಶೇ. 29.1, ಓದು ಬರಹ ಬಾರದ ಯುವಕರಲ್ಲಿ ಶೇ. 3.4. ಇದನ್ನು ಮೊದಲ ಸಲ ನೋಡಿದವರು ಓದಿದರೇ ಕೆಟ್ಟರು ಅಂದುಕೊಳ್ಳುತ್ತಾರೆ. ಆದರೆ ಅಕ್ಷರ ಬಾರದವನಿಗೆ ಕಾಯುವ ಹಾಗಿಲ್ಲ, ಇವತ್ತಿನ ಕೂಲಿ ಇವತ್ತೇ ಆಗಬೇಕು. ಪದವೀಧರನಿಗೆ ಮನೆಯ ಆಸರೆ ಇರುತ್ತದೆ, ಒಳ್ಳೆಯ ಕೆಲಸಕ್ಕಾಗಿ ಕಾಯುತ್ತಾನೆ. ಒಳ್ಳೆಯ ಕೆಲಸಗಳು ಸಾಕಷ್ಟು ಇಲ್ಲ ಎನ್ನುವುದು ಸರ್ಕಾರಗಳ ಸೋಲು, ನಿನ್ನ ತಪ್ಪಲ್ಲ.

ಈಗ ಉಳಿದ ಅರ್ಧ. ಮೇಲೆ ಹೇಳಿದ ಜೆನ್ಸನ್ ಅವರೇ ಡೊಮಿನಿಕನ್ ಗಣರಾಜ್ಯ ಎಂಬ ದೇಶದಲ್ಲಿ ಎಂಟನೇ ತರಗತಿಯ ಹುಡುಗರನ್ನು ಕೇಳಿದರು, ಹೈಸ್ಕೂಲು ಮುಗಿಸಿದರೆ ಎಷ್ಟು ಸಂಬಳ ಸಿಗಬಹುದು ಎಂದು. ಹುಡುಗರು ನಿಜಕ್ಕಿಂತ ತುಂಬಾ ಕಡಿಮೆ ಹೇಳಿದರು, ಯಾಕೆಂದರೆ ಅವರ ಕಣ್ಣಿಗೆ ಕಾಣುತ್ತಿದ್ದದ್ದು ತಮ್ಮ ಕೇರಿಯವರು ಮಾತ್ರ. ಅವರಲ್ಲಿ ಕೆಲವರಿಗೆ ನಿಜವಾದ ಅಂಕಿ ತಿಳಿಸಿದಾಗ ಮುಂದಿನ ನಾಲ್ಕು ವರ್ಷದಲ್ಲಿ ಅವರು ಉಳಿದವರಿಗಿಂತ ಸರಾಸರಿ 0.20ರಿಂದ 0.35 ವರ್ಷ ಜಾಸ್ತಿ ಓದಿದರು. ಸಣ್ಣದು ಅನಿಸಬಹುದು. ಆದರೆ ಬರೀ ಒಂದು ಮಾತು ಹೇಳಿದ್ದಕ್ಕೆ ಅಷ್ಟು ಆಯಿತು.

ನೀನೂ ನಿನ್ನ ಸುತ್ತಲಿನ ನಾಲ್ಕು ಜನರನ್ನು ನೋಡಿ ಲೆಕ್ಕ ಹಾಕಿದ್ದೀಯಾ. ನಿನಗಿಂತ ಹತ್ತು ವರ್ಷ ದೊಡ್ಡವರಾದ ಹತ್ತು ಮಂದಿಯನ್ನು ಕೇಳು, ಐದು ಮಂದಿ ಡಿಗ್ರಿ ಮುಗಿಸಿದವರು, ಐದು ಮಂದಿ ಬಿಟ್ಟವರು. ಗಲ್ಫಿಗೆ ಹೋಗಿ ಬಂದವರನ್ನೂ ಸೇರಿಸು. ಈಗಿನ ಸಂಬಳ ಮಾತ್ರ ಅಲ್ಲ, ಬೆನ್ನು ನೋವು ಬಂದ ದಿನ ಯಾರಿಗೆ ರಜೆ ಸಿಗುತ್ತದೆ ಎಂದೂ ಕೇಳು. ಮತ್ತೆ ದುಡಿಯುತ್ತಲೇ ಓದು ಮುಗಿಸುವ ದಾರಿಗಳಿವೆ, ಸಂಜೆ ಕಾಲೇಜು ಉಂಟು, ಮುಕ್ತ ವಿಶ್ವವಿದ್ಯಾಲಯ ಉಂಟು. ಬೈಕು ಮಾರಬೇಕಾಗಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಹುಡುಗಿಯರಿಗೆ ಬೇಕಾದಷ್ಟು ಹೇಳ್ತೇವೆ, ಹುಡುಗರಿಗೆ ಎಂತ ಹೇಳಬೇಕು?
ಶಿಕ್ಷಕಿ, ಕಾರ್ಕಳ

ಉತ್ತರ: ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ಇಂಥ ಪ್ರಯೋಗ ನಡೆದಿದೆ. ಅರ್ಧದಷ್ಟು ಶಾಲೆಗಳಲ್ಲಿ ಏಳನೇ ತರಗತಿಯಿಂದ ಶುರುಮಾಡಿ ಎರಡೂವರೆ ವರ್ಷ, ಆಗಾಗ ಮುಕ್ಕಾಲು ಗಂಟೆಯ ಪೀರಿಯಡ್‌ನಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿದರು. ಉಪದೇಶ ಅಲ್ಲ, ಚರ್ಚೆ. ಮನೆಯಲ್ಲಿ ಯಾರು ಪಾತ್ರೆ ತೊಳೀತಾರೆ, ಯಾಕೆ ಅವರೇ ತೊಳೀತಾರೆ, ಇಂಥದ್ದು. ಮಕ್ಕಳ ಅಭಿಪ್ರಾಯ ಬದಲಾಯಿತು, ಹುಡುಗರು ಮನೆಕೆಲಸಕ್ಕೆ ಕೈ ಹಾಕಿದರು. ಹುಡುಗಿಯರ ಮನಸ್ಸು ಬದಲಾದರೂ ನಡೆ ಅಷ್ಟು ಬದಲಾಗಲಿಲ್ಲ, ಯಾಕೆಂದರೆ ಅವರ ಕೈಯಲ್ಲಿ ಅಷ್ಟು ಅಧಿಕಾರ ಇರಲಿಲ್ಲ. ಅದಕ್ಕೇ ಹೇಳುವುದು, ಹುಡುಗರಿಂದ ಶುರುಮಾಡಿ ಟೀಚರ್. ಒಂದು ದಿನದ ಕಾರ್ಯಕ್ರಮ ಇಟ್ಟು ಫೋಟೋ ತೆಗೆದರೆ ಸಾಲದು, ಎರಡೂವರೆ ವರ್ಷ ಎನ್ನುವುದನ್ನು ನೆನಪಿಡಿ.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ನಮ್ಮ ಪಂಚಾಯತಿನ ಅಧ್ಯಕ್ಷರು ಹೆಂಗಸು. ನಾನೂ ಆಗಬಹುದಾ? ನಮ್ಮ ಮನೆಯಲ್ಲಿ ಹೇಳಿದರೆ ನಗ್ತಾರೆ.
ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಮಗಳೇ, ಖಂಡಿತ ಆಗಬಹುದು. 21 ವರ್ಷ ತುಂಬಿದರೆ ಚುನಾವಣೆಗೆ ನಿಲ್ಲಬಹುದು. ಕರ್ನಾಟಕದ ಪಂಚಾಯತುಗಳಲ್ಲಿ ಅರ್ಧ ಸೀಟು ಹೆಂಗಸರದ್ದೇ.

ನಗುವವರಿಗೆ ನೀನು ಒಂದು ವಿಷಯ ಹೇಳು. ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ನಿನ್ನ ವಯಸ್ಸಿನ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಸಂಶೋಧಕರು ಮಾತಾಡಿಸಿದರು. ಕೆಲವು ಹಳ್ಳಿಗಳಲ್ಲಿ ಮೀಸಲಾತಿಯಿಂದಾಗಿ ಎರಡು ಅವಧಿ ಹೆಂಗಸರೇ ಪ್ರಧಾನರು, ಅಂದರೆ ಪಂಚಾಯತ್ ಅಧ್ಯಕ್ಷರು, ಆಗಿದ್ದರು. ಮಗ ಏನಾಗಬೇಕು, ಮಗಳು ಏನಾಗಬೇಕು ಎನ್ನುವುದರಲ್ಲಿ ಹೆತ್ತವರಿಗಿದ್ದ ಅಂತರ ಆ ಹಳ್ಳಿಗಳಲ್ಲಿ ಶೇ. 25ರಷ್ಟು ಕಡಿಮೆ ಇತ್ತು, ಮಕ್ಕಳಲ್ಲಿ ಶೇ. 32ರಷ್ಟು. ಓದಿನಲ್ಲಿ ಹುಡುಗ ಹುಡುಗಿಯರ ಅಂತರ ಅಳಿಸಿಯೇ ಹೋಗಿತ್ತು. ಅಂದರೆ ನಿಮ್ಮ ಅಧ್ಯಕ್ಷರನ್ನು ನೋಡಿ ನಿನಗೆ ಹೀಗೆ ಅನಿಸಿದ್ದು ತಮಾಷೆಯ ವಿಷಯ ಅಲ್ಲ.

ಇನ್ನು 21 ತುಂಬುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಪಂಚಾಯತಿನಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಯಾವಾಗ ಎಂದು ಟೀಚರನ್ನು ಕೇಳು. ಅಲ್ಲಿ ಎದ್ದು ನಿಂತು, ನಿಮ್ಮ ದಾರಿಯಲ್ಲಿ ಎಲ್ಲೆಲ್ಲಿ ಬೀದಿದೀಪ ಇಲ್ಲ, ಸಂಜೆ ಎಷ್ಟು ಗಂಟೆಯ ನಂತರ ಬಸ್ಸು ಇಲ್ಲ ಎಂದು ಹೇಳು. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು, ಅಧ್ಯಕ್ಷರ ಕೈಗೆ ಕೊಟ್ಟು ಅದರ ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಬಾ. ಅವರು ಏನು ಹೇಳಿದರು ಎಂದು ನನಗೆ ಬರೆ.